ಹಾರುವ ತೆಪ್ಪದ ಸುರಕ್ಷತಾ ಕ್ರಮಗಳು

ಹನುಮನಹಳ್ಳಿಯ ರಸ್ತೆ ಬದಿಯ ಒಂದು ಚಹಾದಂಗಡಿಯಲ್ಲಿರುವ ಟಿವಿಯ ಒಳಗೆ ಕಳೆದ ದಸರೆಯಿಂದ ಈಚೆಗೆ ಒಂದೇ ಒಂದು ಸಾವೂ ಸಂಭವಿಸಿಲ್ಲವೆಂದು ತೆಪ್ಪ ಸಂಚಾರ ಸುರಕ್ಷತಾ ಸಮಿತಿಯು ಸಂತೋಷದಿಂದ ಪ್ರಕಟಿಸಿದೆ. ಅದಕ್ಕೂ ಮೊದಲು ಅಲ್ಲಿ ಜನ ಹೇಗೆ ಸಾಯುತ್ತಿದ್ದರೆಂಬುದು ಅಂಜನಾದ್ರಿಗೆ ಬಂದು ಹೋದವರಿಗೆಲ್ಲ ಗೊತ್ತು. ಬೆಟ್ಟ ಹತ್ತುವ ಮುಂಚೆ ಮೂರು ಸಲ ಸತ್ತು, ಇಳಿದ ಮೇಲೆ ಮತ್ತೆ ಮೂರು ಸಲ ಸತ್ತು, ಚಹಾ ಕುಡಿದು ಬಸ್ ಹತ್ತುತ್ತಿದ್ದರು. ಇಂಥ ಅನಾಹುತ ಹೇಗೆ ನಿಂತಿತು ಎಂಬುದನ್ನು ತಿಳಿಯಬೇಕಾದರೆ ಅಂಗಡಿಯ ಒಡತಿ ಶಿವಲೀಲಾಳಿಂದಲೇ ಶುರು ಮಾಡಬೇಕು.

ಶಿವಲೀಲಾ ಗಂಗಾವತಿಯಲ್ಲಿ ಕಂಪ್ಯೂಟರ್ ಕಲಿತವಳು, ಕಲಿಸಿದವಳು. ಕಲಿಸುವ ಸೆಂಟರಿಗೆ ಬೀಗ ಬಿದ್ದ ಮೇಲೆ ಚಹಾದಂಗಡಿ ಇಟ್ಟಳು. ಅವಳ ಅಪ್ಪ ಈಶಪ್ಪ ಸಾಣಾಪುರದ ಕೆರೆಯಲ್ಲಿ ಪ್ರವಾಸಿಗರನ್ನು ತೆಪ್ಪದಲ್ಲಿ ಕೂರಿಸಿ ಗರಗರ ತಿರುಗಿಸಿ ನಗಿಸಿ ಕಳಿಸುತ್ತಿದ್ದವನು. ಒಂದು ಬೇಸಿಗೆಯಲ್ಲಿ ಸಮಿತಿಯವರು ಸುರಕ್ಷತೆಯ ಸಲುವಾಗಿ ತೆಪ್ಪಗಳನ್ನೆಲ್ಲ ಜಪ್ತಿ ಮಾಡಿದರು. ಈಶಪ್ಪನ ಮೂವತ್ತೇಳನೇ ನಂಬರಿನ ತೆಪ್ಪ ಇವತ್ತಿಗೂ ಸಮಿತಿಯ ಕಚೇರಿಯ ಹಿಂದೆ ಬೋರಲು ಬಿದ್ದಿದೆ. ಅದರ ಕೆಳಗೆ ವಾಚ್‌ಮನ್ನನ ಕೋಳಿಗಳು ಸುರಕ್ಷಿತವಾಗಿ ಕಾವು ಕೂರುತ್ತವೆ.

ಹುಟ್ಟು ಹಾಕಿದ ಕೈ ಸುಮ್ಮನೆ ಕೂರುತ್ತದೆಯೇ? ಈಶಪ್ಪ ಅಂಗಡಿಗೆ ಬಂದು ಚಹಾದ ಪಾತ್ರೆಯೊಳಗೆ ಸೌಟು ತಿರುಗಿಸಿ ತಿರುಗಿಸಿ ಇಡೀ ಚಹಾ ಕಹಿ ಮಾಡತೊಡಗಿದ. ಗಿರಾಕಿಗಳು ಮುಖ ಕಿವುಚಿದರು. ಮಗಳಿಗೆ ಕರುಳು ಚುರ್ ಅಂದಿತು, ಸ್ವಲ್ಪ ಸಿಟ್ಟೂ ಬಂತು. ಎರಡೂ ಸೇರಿ ಅವಳು ಒಂದು ಆಟ ಕಟ್ಟಿದಳು.

ಅದು ಹಳೇ ಕಾಲದ ಆಟ. ಹಿಂದೆ ಎಕ್ಸಿಬಿಷನ್ನುಗಳಲ್ಲಿ ನಾಣ್ಯ ಹಾಕಿ ಆಡುತ್ತಿದ್ದಂಥದು: ಮರದ ಪೆಟ್ಟಿಗೆ, ದಪ್ಪ ದಪ್ಪ ಚೌಕಗಳ ಚಿತ್ರ, ಟೊಂಯ್ ಟೊಂಯ್ ಎಂಬ ಸದ್ದು. ಒಂದು ಹಡಗು ಗವಿಗಳ ಒಳಗೆ ಹಾರಬೇಕು. ಮೇಲೆ ಬಂಡೆ, ಕೆಳಗೆ ಬಂಡೆ, ತಾಗಿದರೆ ಢಮ್. ಮೂರು ಜೀವ, ಹನ್ನೆರಡು ಗವಿ. ಗಂಗಾವತಿಯ ಬಡಿಗ ಮುನವ್ವರ ಅಂಗಡಿಯ ಟಿವಿ ಕೂರುವ ಹಾಗೆ ಪೆಟ್ಟಿಗೆ ಮಾಡಿಕೊಟ್ಟ. ಹಿಡಿಕೆಗೆ ಅಪ್ಪನ ಮುರಿದ ಹುಟ್ಟಿನ ತುಂಡನ್ನೇ ಕೂರಿಸಿದರು. ಹಡಗನ್ನು ಮಾತ್ರ ಶಿವಲೀಲಾ ತೆಪ್ಪದ ಹಾಗೆ ಗುಂಡಗೆ ಬರೆದಳು.

ಈಶಪ್ಪ ನೋಡಿದ, ಆದರೆ ಮುಟ್ಟಲಿಲ್ಲ. ನಂಬರಿಲ್ಲದ ತೆಪ್ಪವನ್ನು ಸಾಣಾಪುರದಲ್ಲಿ ಯಾವ ಮನುಷ್ಯನೂ ನೀರಿಗೆ ಇಳಿಸುವುದಿಲ್ಲ, ಹಾಗೆ ಇಳಿಸುವವನು ಕಳ್ಳ ಎಂದು ಹಟ ಹಿಡಿದ. ಅಯ್ಯೋ, ಹೋಗಲಿ ಅತ್ಲಾಗ ಎಂದು ಶಿವಲೀಲಾ ತೆಪ್ಪದ ಅಂಚಿಗೆ ‘೩೭’ ಎಂದು ಬರೆದಳು. ಅವನು ಪೆಟ್ಟಿಗೆಗೆ ಅರಿಶಿಣ ಕುಂಕುಮ ಹಚ್ಚಿ, ಕಾಯಿ ಒಡೆದು, ಹಿಡಿಕೆ ಹಿಡಿದ. ಅಂದಿನಿಂದ ಚಹಾ ಸಿಹಿಯಾಯಿತು.

ಕೊನೆಯ ಗವಿಯಾಚೆ ಏನಿದೆ ಎಂಬುದು ಶಿವಲೀಲಾಳಿಗೆ ಮಾತ್ರ ಗೊತ್ತು. ಅಲ್ಲಿ ಅವಳು ಸಾಣಾಪುರದ ಕೆರೆ ಬರೆದಿದ್ದಳು. ಹಾರುವ ತೆಪ್ಪ ಮೆಲ್ಲಗೆ ನೀರಿಗೆ ಇಳಿಯುತ್ತದೆ, ಕೆಂಪು ರುಮಾಲಿನ ಒಬ್ಬ ಪುಟ್ಟ ಮನುಷ್ಯ ಎದ್ದು ನಿಂತು ಹುಟ್ಟು ಹಾಕುತ್ತಾನೆ. ಬೇಕಿದ್ದರೆ ಈಗಲೇ ತೋರಿಸಲೇ ಎಂದು ಅವಳು ಅಪ್ಪನನ್ನು ಕೇಳಿದ್ದುಂಟು.

“ತೋರಸಬ್ಯಾಡ,” ಅಂದಿದ್ದ ಈಶಪ್ಪ. “ನನ್ನ ತೆಪ್ಪ, ನಾನs ಮುಟ್ಟಸ್ತೀನಿ.”

ಅವನು ಮುಟ್ಟುವ ದಿನ ತಾನು ಪಕ್ಕದಲ್ಲಿ ನಿಂತು ಅಪ್ಪನ ಮುಖ ನೋಡಬೇಕು ಎಂಬುದೊಂದೇ ಅವಳ ಆಸೆ. ಅದಕ್ಕಾಗಿಯೇ ಇಷ್ಟೆಲ್ಲ ಮಾಡಿದ್ದು.

ಹೀಗಿರುವಾಗ ಸಮಿತಿಯ ನಿರೀಕ್ಷಕ ಸಿದ್ದಲಿಂಗೇಶ ಚಹಾ ಕುಡಿಯಲು ಬಂದರು. ಸಜ್ಜನರು. ಒಂದು ಆಟ ಆಡಿದರು, ಮೊದಲನೇ ಗವಿಯಲ್ಲೇ ಮೂರೂ ಜೀವ ಕಳಕೊಂಡರು, ಸಾಯುತ್ತಾ ಸಾಯುತ್ತಾ ನಂಬರು ಓದಿಕೊಂಡರು. ಕಚೇರಿಗೆ ಹೋಗಿ ಕೋಳಿಗಳನ್ನು ಎಬ್ಬಿಸಿ ನೋಡಿದರೆ ಅಲ್ಲಿಯೂ ಮೂವತ್ತೇಳು. ಜಪ್ತಿಯಾದ ತೆಪ್ಪವೊಂದು ಜಪ್ತಿಯಲ್ಲಿದ್ದುಕೊಂಡೇ ಗವಿಗಳಲ್ಲಿ ಸಂಚರಿಸುತ್ತಿರುವುದು ಸಮಿತಿಯ ಗಮನಕ್ಕೆ ಬಂದದ್ದು ಹೀಗೆ.

ಅದು ಟಿವಿಯೊಳಗೈತ್ರಿ ಸಾಹೇಬ್ರ, ಎಂದು ಶಿವಲೀಲಾ ಪರಿಪರಿಯಾಗಿ ಹೇಳಿಕೊಂಡಳು. ಸಿದ್ದಲಿಂಗೇಶರು ಪೂರ್ತಿ ಕೇಳಿಸಿಕೊಂಡರು.

“ಟಿವಿ ಎಲ್ಲೈತವ್ವ?” ಎಂದು ಕೇಳಿದರು.

“ಇಲ್ಲೇ, ಅಂಗಡ್ಯಾಗ.”

“ಅಂಗಡಿ ನಮ್ಮ ಹದ್ದಿನಾಗೈತಿ. ಆತಲ್ಲ ಮತ್ತ.”

ಈ ಮಾತಿಗೆ ಉತ್ತರ ಕೊಡಬಲ್ಲವರು ಇದ್ದರೆ ಮುಂದೆ ಬರಲಿ.

ವಾರದೊಳಗೆ ಪ್ರಕಟಣೆ ಅಂಟಿಸಲಾಯಿತು. “ಸದರಿ ತೆಪ್ಪವನ್ನು ನಡೆಸುವವರು ಹಾಗೂ ಹಿಂದೆ ನಿಂತು ನೋಡುವವರು ಕಡ್ಡಾಯವಾಗಿ ಲೈಫ್ ಜಾಕೆಟ್ ಧರಿಸತಕ್ಕದ್ದು. ಗವಿಗಳು ಪವಿತ್ರವಾಗಿರುವ ಸಂಭವವಿರುವುದರಿಂದ ಪಾದರಕ್ಷೆಗಳನ್ನು ಹೊರಗೆ ಬಿಡತಕ್ಕದ್ದು. ಬಂಡೆಗೆ ಡಿಕ್ಕಿಯಾದಲ್ಲಿ ಬಂಡೆಯ ಹಾನಿಯನ್ನು ಆಡಿದವರೇ ಭರಿಸತಕ್ಕದ್ದು.” ಜಾಕೆಟ್ಟುಗಳನ್ನು ಬಾಡಿಗೆಗೆ ಕೊಡುವ ಗುತ್ತಿಗೆ ಗೋವಿಂದರಾಜ ಎಂಬವರಿಗೆ ಆಯಿತು. ಅವರು ಸಿದ್ದಲಿಂಗೇಶರ ಹೆಂಡತಿಯ ತಮ್ಮ. ಬೇರೆ ಯಾರೂ ಅರ್ಜಿ ಹಾಕಿರಲಿಲ್ಲ, ಏಕೆಂದರೆ ಬೇರೆ ಯಾರಿಗೂ ಗೊತ್ತಿರಲಿಲ್ಲ.

ಜನ ಗೊಣಗಿದರೇ? ಎಲ್ಲಿಯ ಮಾತು! ಚಪ್ಪಲಿ ಬಿಟ್ಟರು, ಕಿತ್ತಳೆ ಬಣ್ಣದ ಜಾಕೆಟ್ ತೊಟ್ಟರು, ಸಾಲಾಗಿ ನಿಂತರು. ಚಪ್ಪಲಿ ಬಿಟ್ಟ ಕಡೆ ಕೈ ತಾನಾಗಿ ಮುಗಿಯುತ್ತದಲ್ಲ, ಟಿವಿಗೂ ಮುಗಿದರು. ಕನಕಗಿರಿಯಿಂದ ಬಂದ ದುರುಗವ್ವ ಎಂಬ ಹಿರಿಯಳು ಊದಿನಕಡ್ಡಿ ಹಚ್ಚಿ, ಮಗನ ಲಗ್ನಕ್ಕೆ ಹರಕೆ ಹೊತ್ತು ಹೋದಳು. ಲಗ್ನವೂ ಆಯಿತಂತೆ.

ಆದರೆ ಸಾವುಗಳದೇ ದೊಡ್ಡ ತಲೆನೋವಾಯಿತು. ಪ್ರತಿ ಢಮ್ಮಿಗೂ ಪಂಚನಾಮೆ ಆಗಬೇಕೆಂದು ಸಿದ್ದಲಿಂಗೇಶರು ಪಟ್ಟು ಹಿಡಿದರು. ಪಕ್ಕದ ಕಾಯಿಅಂಗಡಿಯ ಪಕ್ಕೀರಪ್ಪ ಪಂಚನಾಗಿ ನೇಮಕವಾದ, ಸಾವಿಗೆ ಅರ್ಧ ಕಪ್ ಚಹಾದ ಲೆಕ್ಕದಲ್ಲಿ. ಮೃತದೇಹ ಸಿಕ್ಕಿತೇ ಎಂಬಲ್ಲಿ ‘ಚೂರು ಚೂರಾಗಿದೆ’ ಎಂದು ಬರೆಸುತ್ತಿದ್ದ. ಸತ್ತವರು ಎರಡನೇ ಜೀವ ಹಿಡಿದು ಮತ್ತೆ ಬರುತ್ತಾರಲ್ಲ, ಅದನ್ನು ಏನೆಂದು ಬರೆಯುವುದು ಎಂದು ಒಮ್ಮೆ ಕೇಳಿದ. ಸಮಿತಿ ಸಭೆ ಸೇರಿ, ಪುನರ್ಜನ್ಮವು ತನ್ನ ವ್ಯಾಪ್ತಿಗೆ ಬರುವುದಿಲ್ಲವೆಂದು ತೀರ್ಮಾನಿಸಿ, ಫಲಾಹಾರ ಸೇವಿಸಿ ಚದುರಿತು. ಪಕ್ಕೀರಪ್ಪನಿಗೆ ಚಹಾ ಕುಡಿದು ಕುಡಿದು ಪಿತ್ತವಾಯಿತು.

ಈ ಗದ್ದಲದ ನಡುವೆ ಈಶಪ್ಪ ಸಾಯುವುದು ಮಾತ್ರ ದಿನೇ ದಿನೇ ಕಡಿಮೆಯಾಯಿತು. ವಾರ ವಾರಕ್ಕೆ ಎರಡೆರಡು ಗವಿ ಹೆಚ್ಚು ದಾಟುತ್ತಾ ಹೋದ. ದಸರೆಗೆ ಮುಂಚಿನ ಒಂದು ಮಧ್ಯಾಹ್ನ ಅವನ ತೆಪ್ಪ ಹನ್ನೊಂದನೇ ಗವಿ ದಾಟಿ ಹನ್ನೆರಡನೆಯದರೊಳಗೆ ಹೊಕ್ಕಿತು, ಅದೂ ಮೊದಲನೇ ಜೀವದಲ್ಲೇ. ಶಿವಲೀಲಾ ಹಾಲು ಉಕ್ಕುವುದನ್ನು ಬಿಟ್ಟು ಓಡಿ ಬಂದು ಅಪ್ಪನ ಪಕ್ಕ ನಿಂತಳು. ಇನ್ನು ನಾಲ್ಕೇ ಬಂಡೆ.

ಅಷ್ಟರಲ್ಲಿ ಸಿದ್ದಲಿಂಗೇಶರು ಆದೇಶ ಹಿಡಿದು ಒಳಗೆ ಬಂದರು. ಸದರಿ ತೆಪ್ಪದಲ್ಲಿ ಸತ್ತವರ ಸಂಖ್ಯೆ ಕೊಪ್ಪಳ, ಕುಷ್ಟಗಿ, ಯಲಬುರ್ಗಾಗಳ ಒಟ್ಟು ಸಾವನ್ನು ಮೀರಿದೆ, ಮೇಲಿನವರು ಕೇಳುತ್ತಿದ್ದಾರೆ, ಇದ್ದಲ್ಲೇ ನಿಲ್ಲಿಸಬೇಕು ಎಂದರು.

“ಒಂದು ನಿಮಿಷ ತಡೀರಿ ಸಾಹೇಬ್ರ, ನಿಮ್ಮ ಕಾಲ ಬೀಳ್ತೀನಿ,” ಅಂದಳು ಶಿವಲೀಲಾ.

ಈಶಪ್ಪ ತಡೆಯಲಿಲ್ಲ. ಜಪ್ತಿಯ ದಿನ ಸಮಿತಿಯವರು ಕೆರೆಯಲ್ಲಿ ಸೀಟಿ ಊದಿದಾಗ ದಂಡೆಗೆ ಬಂದವನು, ಇಲ್ಲಿಯೂ ಬಂದ. ಹಿಡಿಕೆಯಿಂದ ಕೈ ತೆಗೆದು ಎದ್ದು ನಿಂತ. ತೆಪ್ಪ ತಾನಾಗಿ ಬಂಡೆಗೆ ಬಡಿದು ಢಮ್ ಅಂದಿತು. ಪಕ್ಕೀರಪ್ಪ ಸಹಿ ಹಾಕಿದ.

ಆದೇಶದ ಪ್ರಕಾರ ಆಟವನ್ನು ಮುಚ್ಚುವಂತಿರಲಿಲ್ಲ, ಜಾಕೆಟ್ಟಿನ ಗುತ್ತಿಗೆ ಇನ್ನೂ ಉಳಿದಿತ್ತು. ಹಾಗಾಗಿ ತೆಪ್ಪವು ಮೊದಲನೇ ಗವಿಯ ಬಾಯಲ್ಲಿ ಚಲಿಸದೆ ನಿಂತಿರತಕ್ಕದ್ದು, ಗಟ್ಟಿ ಹಗ್ಗದಿಂದ ಕಟ್ಟಿರತಕ್ಕದ್ದು ಎಂದಾಯಿತು. ಹಗ್ಗವನ್ನು ಶಿವಲೀಲಾಳೇ ಬರೆದಳು. ಗಂಟು ಸಡಿಲಾಗಿದೆ ಎಂದು ಎರಡು ಸಲ ವಾಪಸು ಕಳಿಸಿದರು.

ಉಪಜೀವನ ಕಳಕೊಂಡವರಿಗೆ ಸಮಿತಿ ಕೈಕೊಡುವುದಿಲ್ಲ ನೋಡಿ. ಈಶಪ್ಪನಿಗೆ ಅದೇ ತೆಪ್ಪದ ಜೀವರಕ್ಷಕನ ಹುದ್ದೆ ಕೊಟ್ಟರು. ಜಾಕೆಟ್ಟು, ಟೋಪಿ, ಕೊರಳಿಗೆ ಸೀಟಿ. ಸಂಬಳದ ಮಾತು ಬಂದ ದಿನ ಅವನು ಚಿಕ್ಕ ಹುಡುಗನ ಹಾಗೆ ಕಣ್ಣರಳಿಸಿ ಮಗಳನ್ನು ನೋಡಿದ. ಅವಳು ಏನು ಹೇಳಿಯಾಳು? ಛಲೋ ಆತಪ್ಪ, ಅಂದಳು.

ಅಂದಿನಿಂದ ಯಾರೂ ಸತ್ತಿಲ್ಲ. ಸಾಲು ಮೊದಲಿಗಿಂತ ಉದ್ದವಾಗಿದೆ. ಜನ ಜಾಕೆಟ್ ತೊಟ್ಟು, ಕಟ್ಟಿಹಾಕಿದ ತೆಪ್ಪವನ್ನು ಕಣ್ತುಂಬ ನೋಡಿ, ಸೆಲ್ಫಿ ತೆಗೆದುಕೊಂಡು ಹೋಗುತ್ತಾರೆ. ಯಾರಾದರೂ ಹಿಡಿಕೆಯತ್ತ ಕೈ ಚಾಚಿದರೆ ಈಶಪ್ಪ ಸೀಟಿ ಊದುತ್ತಾನೆ. ಜಿಲ್ಲೆಯ ಅತ್ಯಂತ ಸುರಕ್ಷಿತ ಜಲತಾಣ ಎಂಬ ಫಲಕ ಬಂದಿದೆ, ಪಕ್ಕೀರಪ್ಪನ ಪಿತ್ತ ಇಳಿದಿದೆ.

ಒಂದು ಸಂಜೆ ಗಿರಾಕಿಗಳೆಲ್ಲ ಹೋದ ಮೇಲೆ ಶಿವಲೀಲಾ ಹಗ್ಗ ಅಳಿಸಿ, ತೆಪ್ಪವನ್ನು ಹನ್ನೆರಡನೇ ಗವಿಯೊಳಗೆ ತಂದು ನಿಲ್ಲಿಸಿದಳು. ಅಪ್ಪನನ್ನು ಕರೆದಳು.

“ಯಾರೂ ಇಲ್ಲ, ಬಾ. ನಾಕs ಬಂಡಿ ಉಳದಾವು.”

ಈಶಪ್ಪ ಪರದೆ ನೋಡಿದ. ಕೈ ಸ್ವಲ್ಪ ಮುಂದೆ ಬಂತು. ಆಮೇಲೆ ಸೀಟಿ ಬಾಯಿಗಿಟ್ಟು ಊದಿದ. ಅವಳು ಹಿಂದೆ ಸರಿದಳು.

ಸೀಟಿ ಕೆಳಗಿಳಿಸಿ ಅವನೇ ಕೇಳಿದ, “ಅದರಾಚಿಗೆ ಏನೈತಿ?”

“ನಮ್ಮ ಕೆರಿ,” ಅಂದಳು. “ಒಬ್ಬ ಮನಶಾ ತೆಪ್ಪ ನಡಸಾಕತ್ಯಾನ.”

“ಜಾಕೀಟ ಹಾಕ್ಕೊಂಡಾನೇನು?”

ಶಿವಲೀಲಾ ಯೋಚಿಸಿ, ಇಲ್ಲ ಅಂದಳು.

“ಮತ್ತ ನಿಲ್ಲಿಸಿದ್ದು ಛಲೋ ಆತು ಬಿಡು,” ಅಂದ ಈಶಪ್ಪ.

ಮರುದಿನ ಶಿವಲೀಲಾ ಹಗ್ಗವನ್ನು ಮತ್ತೆ ಕಟ್ಟಿದಳು. ಯಾರೂ ನೋಡದ ಆ ಕೆರೆಯಲ್ಲಿ ನಿಂತಿದ್ದ ಪುಟ್ಟ ಮನುಷ್ಯನಿಗೂ ಒಂದು ಕಿತ್ತಳೆ ಜಾಕೆಟ್ ಬರೆದಳು. ದಪ್ಪ ಚೌಕಗಳ ಚಿತ್ರವಾದ್ದರಿಂದ ಜಾಗ ಸಾಲಲಿಲ್ಲ, ಕೈಯಲ್ಲಿದ್ದ ಹುಟ್ಟನ್ನು ಅಳಿಸಬೇಕಾಯಿತು.