ಮದ್ದಳೆಯ ತಮ್ಮನಾದ ಗಿಟಾರು

"ಮಂಡಳಿಯ ಮದ್ದಳೆಗಳಿಗೆಲ್ಲ ಚರ್ಮ ಹೊದಿಸಿದ ಕೈ ಇದು. ಈ ಗಿಟಾರು ಯಾವ ಲೆಕ್ಕ!" ಎಂದು ಡೊಂಬಿವಲಿಯ ವಸಂತಕುಮಾರರು ಘೋಷಿಸಿದರು.

"ನಿಮ್ಮ ಕೈ ಗೊತ್ತುಂಟು. ಮಿಕ್ಸರ್ ರಿಪೇರಿ ಮಾಡಿದ ಕೈಯೇ ಅಲ್ವಾ?" ಎಂದರು ಹೆಂಡತಿ ಬಾಗಿ.

ಹಗಲು ಹೋಟೆಲಿನ ಗಲ್ಲಾ, ಶನಿವಾರ ಸಂಜೆ ಭಜನಾ ಮಂಡಳಿಯ ಮದ್ದಳೆ. ಭಗವಂತ ಕರುಣಿಸಿದ ಈ ಎರಡು ಆಸನಗಳಲ್ಲಿ ವಸಂತಕುಮಾರರ ಬಾಳು ಧನ್ಯವಾಗಿತ್ತು. ಕೊರತೆ ಒಂದೇ: ಮಗ ಜಯೇಶ್ ಭಜನೆಯತ್ತ ಸುಳಿಯುತ್ತಿರಲಿಲ್ಲ. ಹಳೆಯ ಕಪಾಟಿನ ಹಲಗೆಯನ್ನು ಕೊರೆದು ತಾನೇ ಎಲೆಕ್ಟ್ರಿಕ್ ಗಿಟಾರು ಮಾಡಹೊರಟಿದ್ದ ಅವನು, "ಗಿಟಾರ್ ಇದ್ರೆ ಬರ್ತೇನೆ ಪಪ್ಪಾ, ನಹೀಂ ತೋ ನಹೀಂ" ಎಂದಿದ್ದ. ಅಧ್ಯಕ್ಷ ಹರಿಶ್ಚಂದ್ರರೋ, "ದೇವರ ಮುಂದೆ ಆ ಡಿಸ್ಕೋ ಹಲಗೆ ಬೇಡ ಮಾರಾಯ್ರೆ" ಎಂದಿದ್ದರು. ಆಡಿನ ಚರ್ಮ ಹೊದಿಸಿದರೆ ಅದೂ ಮದ್ದಳೆಯ ತಮ್ಮನಂತೆ ಕಂಡೀತೆಂಬ ಉಪಾಯ ವಸಂತಕುಮಾರರಿಗೆ ಹೊಳೆದಾಗ, ಅಧ್ಯಕ್ಷರೂ ಕರಗಿದರು.

"ಹಲಗೆಗೆ ಚರ್ಮ ಮಾತ್ರ ಹೊದಿಸಿ. ತಂತಿ, ವೈರ್ ಎಲ್ಲ ಶನಿವಾರ ಡ್ಯೂಟಿಯಿಂದ ಸೀದಾ ಮಂದಿರಕ್ಕೆ ತಂದು ಫಿಟ್ ಮಾಡ್ತೇನೆ" ಎಂದು ಹೇಳಿ ಜಯೇಶ್, ವಾರವಿಡೀ ಅಲ್ಲೇ ಉಳಿಯಬೇಕಾದ ನೆರೂಳಿನ ಕೆಲಸಕ್ಕೆ ಹೋದ.

ಚರ್ಮ ಬಕೆಟ್ಟಿನಲ್ಲಿ ನೆನೆಯಿತು. ಪಕ್ಕದ ಮನೆಯವರು ಕಿಟಕಿ ಮುಚ್ಚಿದರು. ಬಾಗಿ ಊದುಬತ್ತಿ ಹಚ್ಚಿ, "ದೇವರಿಗಲ್ಲ, ನನ್ನ ಮೂಗಿಗೆ!" ಎಂದರು.

ವಸಂತಕುಮಾರರು ಹಸಿಚರ್ಮವನ್ನು ಎಳೆದೆಳೆದು ಹೊದಿಸಿ ಅಂಚಿಗೆ ಮೊಳೆ ಹೊಡೆದರು. ಹಲಗೆಯ ನಡುವೆ ಮಗ ಕೊರೆದಿದ್ದ ದೊಡ್ಡ ಗುಳಿಯ ಮೇಲೆ ಚರ್ಮ ಬಿಗಿಯಾಗಿ ಕೂತಿತು. ಪಕ್ಕದಲ್ಲೊಂದು ತೂತು ಕಂಡಿತು. ಗಾಳಿ ಸೋರುವ ವಾದ್ಯಕ್ಕೆ ನಾದವೆಲ್ಲಿಯದು? ಮರದ ಬೆಣೆ ಜಡಿದು ಅಂಟು ಸುರಿದರು. ಚರ್ಮ ಒಣಗಿದ ಮೇಲೂ ಕೈ ಸುಮ್ಮನಿರಲಿಲ್ಲ. ಅನ್ನ, ಬೂದಿ ಅರೆದು ಗುಳಿಯ ಮೇಲಿನ ಚರ್ಮಕ್ಕೆ, ಮದ್ದಳೆಗೆ ಹಾಕುವಂತೆಯೇ, ದುಂಡಗೆ ಕರಣೆ ಮೆತ್ತಿಬಿಟ್ಟರು!

ಶನಿವಾರ ಭಜನೆ ಶುರುವಾದ ಮೇಲೆ ಮಂದಿರಕ್ಕೆ ಬಂದ ಜಯೇಶ್, ತಂದೆ ಪಕ್ಕದಲ್ಲಿ ತಂದಿಟ್ಟಿದ್ದ ಹಲಗೆಯ ಮುಂದೆ ತಂತಿ, ವೈರಿನ ಚೀಲ ಬಿಚ್ಚಿ ಕೂತ.

"ಪಪ್ಪಾ, ವೈರ್ ಹಾಕುವ ಹೋಲ್ ಕಿಧರ್?"

"ಮುಚ್ಚಿದ್ದೇನೆ ಮಗಾ. ಗಾಳಿ ಹೋಗ್ತಿತ್ತು."

"ಗಾಳಿಯಾ? ಅರೇ, ಅಲ್ಲಿಂದಲೇ ಸೌಂಡ್ ಹೊರಗೆ ಬರ್ಬೇಕು! ಮಶೀನ್ ಕೂರಿಸುವ ಆ ದೊಡ್ಡ ಗುಳಿ?"

"ಅದರ ಮೇಲೆ ಕರಣೆ ಉಂಟಲ್ಲ, ನೋಡು. ಚೆಂದ ಕೂತಿದೆ."

"ಯೇ ಗಿಟಾರ್ ನಹೀಂ ರಹಾ, ಪಪ್ಪಾ!" ಎಂದು ಜಯೇಶ್ ಸಿಟ್ಟಿನಿಂದ ಅದರ ಮೇಲೆ ಬಡಿದ.

ಧೀಂ!

ಭಜನೆ ನಿಂತಿತು. ತಲೆಗಳೆಲ್ಲ ತಿರುಗಿದವು. ಅವನು ಬೆರಗಾಗಿ ಮತ್ತೊಮ್ಮೆ ಬಡಿದ. ಇನ್ನೂ ಇಂಪಾದ ಧೀಂ! ಚಿಕ್ಕಂದಿನಿಂದ ಬೇಡವೆಂದರೂ ಕಿವಿಗೆ ಬಿದ್ದಿದ್ದ ತಂದೆಯ ಮದ್ದಳೆಯ ನುಡಿತಗಳು ಬೆರಳಿಗಿಳಿದವು. ಹಾಡು ಮತ್ತೆ ಎದ್ದಿತು. ಜಯೇಶ್ ತೊಡೆಯ ಮೇಲೆ ಹಲಗೆ ಇಟ್ಟುಕೊಂಡು, ಮಂಗಳಾರತಿಯವರೆಗೂ ದೇವರ ಮುಂದಿನಿಂದ ಏಳಲಿಲ್ಲ. ಆನಂದಬಾಷ್ಪದಲ್ಲಿ ವಸಂತಕುಮಾರರ ಮದ್ದಳೆಯೇ ಎರಡು ಬಾರಿ ತಾಳ ತಪ್ಪಿತು.

ಪ್ರಸಾದ ಹಂಚುತ್ತ ಹರಿಶ್ಚಂದ್ರರು ಬಂದರು. "ವಸಂತಣ್ಣ, ಹುಡುಗನ ಕೈ ಭಾರೀ ಚೊಕ್ಕ. ಮುಂದಿನ ವಾರದಿಂದ ಮದ್ದಳೆಗೆ ಅವನೇ ಕೂರಲಿ. ನಿಮ್ಮ ಕೈಗೆ ಕಂಚಿನ ತಾಳ ಕೊಡುವ."

ಹೆಂಗಸರ ಸಾಲಿನಿಂದ ಬಾಗಿಯ ಧ್ವನಿ ಬಂತು: "ಕೊಡಿ ಅಧ್ಯಕ್ಷರೇ. ಆದ್ರೆ ಅದಕ್ಕೂ ಚರ್ಮ ಹೊದಿಸ್ಲಿಕ್ಕೆ ಬಿಡ್ಬೇಡಿ!"