ಹಲ್ಲಿನ ಡಾಕ್ಟರು ಕೊಲೆಗಾರರಾದದ್ದು

ಬಾಮೈದನ ಮಾತಿಗೆ ತಲೆಯಾಡಿಸಿದ್ದೇ ಹಲ್ಲಿನ ಡಾಕ್ಟರು ಮಾಡಿದ ತಪ್ಪು. ಅವನು ಸಿನಿಮಾ ತೆಗೆಯಲು ಹೊರಟಿದ್ದ. ಬಾಡಿಗೆ ಕೊಲೆಗಾರನೊಬ್ಬ ಕ್ಯಾಮೆರಾ ಮುಂದೆ ಕೂತು ತನ್ನ ಕಸುಬಿನ ಕಷ್ಟಸುಖ ಹೇಳಿಕೊಳ್ಳುವ, ಥೇಟ್ ಸಾಕ್ಷ್ಯಚಿತ್ರದಂತೆ ಕಾಣುವ ಕಟ್ಟುಕತೆ ಅದು. ನಟರನ್ನು ಕರೆಯಲು ಕೈಯಲ್ಲಿ ಕಾಸಿಲ್ಲ.

"ಭಾವಾ, ನಟನೆ ಗಿಟನೆ ಏನೂ ಬೇಡ. ಸುಮ್ನೆ ಕೂತು ಮಾತಾಡಿ ಸಾಕು."

ಅಡುಗೆಮನೆಯೇ ಅಡಗುದಾಣವಾಯಿತು, ಬಾಯಿ ಮುಕ್ಕಳಿಸುವ ಕೆಂಪು ನೀರೇ ರಕ್ತವಾಯಿತು. ಇದು ಕಟ್ಟುಕತೆ ಎಂದು ಕೊನೆಯಲ್ಲಿ ಒಂದು ಸಾಲು ಹಾಕಲು ಬಾಮೈದ ಮರೆತ. ಚಿತ್ರ ಇಂಟರ್‌ನೆಟ್ಟಿಗೆ ಏರಿತು.

ಮರುದಿನ ಬೆಳಿಗ್ಗೆ ಡಾಕ್ಟರು ಹೊರಬಿದ್ದಾಗ, ದಿನಾ ದಾರಿಗಡ್ಡ ನಿಂತು ವಸಡಿನ ಪುರಾಣ ಬಿಚ್ಚುತ್ತಿದ್ದ ಎದುರುಮನೆ ಟೀಚರಮ್ಮ ಬಿಸಿ ಹೆಂಚು ತುಳಿದವರ ಹಾಗೆ ಕಾಲನ್ನು ಒಳಗೆಳೆದುಕೊಂಡು ಬಾಗಿಲು ಹಾಕಿದರು. ಡಾಕ್ಟರಿಗೆ ಒಳಗೊಳಗೇ ಖುಷಿಯಾಯಿತು.

ಕ್ಲಿನಿಕ್ಕಿನಲ್ಲಿ ಒಬ್ಬನೇ ರೋಗಿ, ಮೂಲೆಯಂಗಡಿಯವನು. ಹಲ್ಲು ಕೀಳಲು ಇಂಜೆಕ್ಷನ್ ಕೊಟ್ಟು, ದವಡೆ ಜೋಮು ಹಿಡಿಯಲೆಂದು ಕೂರಿಸಿದರು. ಅವನು ಹೊತ್ತು ಕಳೆಯಲು ಮೊಬೈಲ್ ತೆಗೆದ. ಅದರೊಳಗಿಂದ ಡಾಕ್ಟರದೇ ಧ್ವನಿ ಹೊರಟಿತು: "ಮೊದಲನೇದು ಸ್ವಲ್ಪ ಕಷ್ಟ ಆಯ್ತು. ಆಮೇಲೆ ಕೈ ಪಳಗಿಬಿಡ್ತು."

ಡಾಕ್ಟರು ಇಕ್ಕಳ ಹಿಡಿದು ಈ ಕಡೆ ತಿರುಗಿದ್ದೂ ಆಗಲೇ.

"ಹಾಹಾಡೀ! ಹಾಹಾಡೀ!" ಜೋಮು ಹಿಡಿದ ಬಾಯಲ್ಲಿ 'ಕಾಪಾಡಿ' ಅಷ್ಟೇ ಆದದ್ದು. ಕುತ್ತಿಗೆಗೆ ಕಟ್ಟಿದ್ದ ಎದೆಬಟ್ಟೆ ಹಾರಾಡಿಸಿಕೊಂಡು ಅವನು ಬೀದಿಗೆ ಓಡಿದ.

"ಓಡಬೇಡಿ! ಒಂದೇ ನಿಮಿಷ, ನೋವೇ ಆಗಲ್ಲ!" ಎನ್ನುತ್ತ ಇಕ್ಕಳದ ಸಮೇತ ಡಾಕ್ಟರು ಹಿಂದೆ ಓಡಿದರು. ಬೀದಿಗೆ ಬೀದಿಯೇ ಬಾಯಿಬಿಟ್ಟುಕೊಂಡು ನೋಡಿತು. ಅಷ್ಟು ಬಾಯಿಗಳನ್ನು ಡಾಕ್ಟರು ಒಟ್ಟಿಗೆ ಎಂದೂ ಕಂಡಿರಲಿಲ್ಲ.

ಬೆವರೊರೆಸಿಕೊಂಡು ಒಳಗೆ ಬಂದರೆ ಟೀಚರಮ್ಮನ ಫೋನು. ದನಿ ಬೆಣ್ಣೆಯಂತಿತ್ತು. "ಡಾಕ್ಟ್ರೇ, ನಮ್ಮ ಅಳಿಯನ ವಿಷಯ. ಕೊಲ್ಲೋದೇನೂ ಬೇಡಪ್ಪ, ಸುಮ್ನೆ ಹೆದರಿಸಿದ್ರೆ ಸಾಕು."

"ಅಮ್ಮಾ, ನಾನು ಜಿರಲೆ ಕಂಡ್ರೂ ಹೆಂಡ್ತೀನ ಕರೀತೀನಿ!" ಎಂದು ಅವರು ಗೋಗರೆಯುತ್ತಿರುವಾಗಲೇ ಪೊಲೀಸಿನವನು ಬಾಗಿಲಲ್ಲಿ ನಿಂತಿದ್ದ. ಪೊದೆಯಂಥ ಮೀಸೆ, ಕೆಂಡದಂಥ ಕಣ್ಣು. "ನಡೀರಿ ಠಾಣೆಗೆ."

ಠಾಣೆಯ ಬೆಂಚಿನ ಮೇಲೆ ಡಾಕ್ಟರು ಒದ್ದೆ ಬೆಕ್ಕಿನಂತೆ ಮುದುಡಿ ಕೂತರು. ಇನ್ನು ಯಾವ ತಾಯಿ ತನ್ನ ಮಗುವಿನ ಬಾಯನ್ನು ನನ್ನ ಮುಂದೆ ತೆರೆಸಿಯಾಳು ಎಂದು ಕೊರಗಿದರು.

ಸಂಜೆ ಹೊತ್ತಿಗೆ ಬಾಮೈದ ಓಡೋಡಿ ಬಂದ. ಜೊತೆಗೊಬ್ಬ ಟೀವಿ ನಿರ್ಮಾಪಕಿ.

"ಭಾವಾ, ಗೆದ್ವಿ! ನಮ್ಮ ಸಿನಿಮಾನ ಇವರು ಧಾರಾವಾಹಿ ಮಾಡ್ತಾರಂತೆ!"

ಎಲ್ಲ ಬರೀ ನಾಟಕವೆಂದು ತಿಳಿದು ಪೊಲೀಸಿನವನು ನಕ್ಕುಬಿಟ್ಟ. ಡಾಕ್ಟರಿಗೆ ಹೋದ ಜೀವ ಬಂತು. ಜೀವದ ಹಿಂದೆಯೇ ಸಣ್ಣದೊಂದು ಆಸೆಯೂ ಬಂತು. ಕೂದಲು ಸವರಿಕೊಂಡು ಕೇಳಿದರು: "ಹಾಗಾದ್ರೆ ನನ್ನ ಶೂಟಿಂಗ್ ಯಾವತ್ತಿಂದ?"

ನಿರ್ಮಾಪಕಿ ಅವರನ್ನು ಮೇಲಿಂದ ಕೆಳಗೆ ನೋಡಿ ನಿಟ್ಟುಸಿರಿಟ್ಟಳು. "ಕತೆ ಚೆನ್ನಾಗಿದೆ ಸಾರ್. ಆದ್ರೆ ನಿಮ್ಮನ್ನ ಕೊಲೆಗಾರ ಅಂದ್ರೆ ಯಾರು ನಂಬ್ತಾರೆ?"

"ಬೆಳಿಗ್ಗೆಯಿಂದ ಎಲ್ಲಾರೂ ನಂಬಿದಾರಮ್ಮಾ!"

ಅವಳಿಗೆ ಅದು ಕೇಳಿಸಲೇ ಇಲ್ಲ. ಅವಳ ಕಣ್ಣು ಪೊಲೀಸಿನವನ ಮೇಲೆ ನೆಟ್ಟಿತ್ತು. "ಸಾರ್, ಒಂದ್ಸಲ ಬೆಳಕಿಗೆ ತಿರುಗಿ. ಆಹಾ! ಇದಪ್ಪಾ ಮುಖ ಅಂದ್ರೆ!"

ಪೊಲೀಸಿನವನು ಮದುಮಗಳಂತೆ ನಾಚಿದ.

"ಡಾಕ್ಟ್ರಿಗೂ ಒಂದು ಪಾತ್ರ ಇದೆ," ಎಂದಳು ಅವಳು ಸಮಾಧಾನಕ್ಕೆ. "ಮೊದಲನೇ ಕಂತಲ್ಲೇ ಬರ್ತೀರ. ಮಾತೇನೂ ಇಲ್ಲ. ಉಸಿರಾಡಿದ್ದು ಮಾತ್ರ ಕಾಣಬಾರದು."

ಪೊಲೀಸಿನವನು ಅಂಗಿಯ ತೋಳು ಮಡಚಿಕೊಂಡು ಹತ್ತಿರ ಬಂದ. "ಹೇಗಿದ್ರೂ ಬಂದಿದೀರಲ್ಲ ಡಾಕ್ಟ್ರೇ, ಸ್ವಲ್ಪ ಕತ್ತು ಕೊಡಿ. ಅಭ್ಯಾಸ ಮಾಡ್ಕೊಂಡುಬಿಡೋಣ."