ನಿಶ್ಚಯದ ದಿನ ಕಳಚಿದ ಹಲ್ಲಿನ ಕ್ಯಾಪು

ನನ್ನ ಮುಂದಿನ ಹಲ್ಲು ಮುರಿದದ್ದು ಜಗಳದಲ್ಲೂ ಅಲ್ಲ, ಅಪಘಾತದಲ್ಲೂ ಅಲ್ಲ. ಕರ್ತವ್ಯ ಮಾಡುತ್ತಿದ್ದಾಗಲೇ ಮುರಿಯಿತು. ನಾವು ಸೇಲಂನಲ್ಲಿ ರೇಷ್ಮೆ ಸೀರೆ ನೇಯುವವರು. ಎಳೆ ತುಂಡಾದರೆ ಗಂಟು ಹಾಕಿ, ಉಳಿದ ತುದಿಯನ್ನು ಹಲ್ಲಿನಿಂದ ಕಚ್ಚಿ ತೆಗೆಯುವುದು ನನ್ನ ಪದ್ಧತಿ. ಕತ್ತರಿ ಪಕ್ಕದಲ್ಲೇ ಇರುತ್ತದೆ. ಆದರೆ ಕತ್ತರಿ ಹುಡುಕುವಷ್ಟರಲ್ಲಿ ಇನ್ನೊಂದು ಗಂಟು ಹಾಕಬಹುದು ಎಂಬುದು ನನ್ನ ವಾದ. ಒಂದು ಮಧ್ಯಾಹ್ನ ಜರಿ ಎಳೆಯನ್ನು ಹಾಗೆಯೇ ಕಚ್ಚಿದೆ. ಎಳೆಗೆ ಏನೂ ಆಗಲಿಲ್ಲ.

ಅರ್ಧ ಹಲ್ಲು ಮಡಿಲಿಗೆ ಬಿತ್ತು. ಹೆಂಡತಿ ಸರೋಜಾ ಅದನ್ನು ನೋಡಿ, ನನ್ನನ್ನೂ ನೋಡಿ, "ಇನ್ನಾದ್ರೂ ಕತ್ರಿ ಇಡ್ಕಂತೀರಾ?" ಎಂದು ಕೇಳಿದಳು. ಉತ್ತರಕ್ಕೆ ಕಾಯದೆ, ಆಸ್ಪತ್ರೆಗೆ ಹೊರಡಲೆಂದು ಸೀರೆ ಬದಲಾಯಿಸಲು ಹೋದಳು. ಸಂಜೆಗೆ ನಾನು ಹಲ್ಲಿನ ಆಸ್ಪತ್ರೆಯ ಕುರ್ಚಿಯಲ್ಲಿದ್ದೆ.

ಇಷ್ಟು ಅವಸರಕ್ಕೆ ಕಾರಣವಿತ್ತು. ನನ್ನ ತಂಗಿಯ ಮಗಳು ದಿವ್ಯಾಳ ನಿಶ್ಚಯ ಹತ್ತಿರ ಬಂದಿತ್ತು. ಅವಳು ಧರ್ಮಪುರಿಯ ಒಂದು ಶಾಲೆಯಲ್ಲಿ ಗಣಿತ ಕಲಿಸುತ್ತಾಳೆ. ಹುಡುಗ ಶಶಿಕುಮಾರ್, ಪೆನ್ನಾಗರಂ ಕಡೆಯವನು. ತಂಗಿಯ ಗಂಡ ನಾಲ್ಕು ಜನರ ಮುಂದೆ ಬಾಯಿ ಬಿಡುವವರಲ್ಲ. ಹಾಗಾಗಿ ಸೋದರಮಾವನಾದ ನಾನೇ ಹೆಣ್ಣಿನ ಕಡೆಯ ಮಾತುಗಾರ. ದಿವ್ಯಾ ನನ್ನನ್ನು ಪಕ್ಕಕ್ಕೆ ಕರೆದು ಒಂದು ಕೆಲಸ ಒಪ್ಪಿಸಿದ್ದಳು.

"ಮಾಮಾ, ಮದ್ವೆ ಆದ್ಮೇಲೂ ನಾನು ಸ್ಕೂಲಿಗೆ ಓಗ್ತೀನಿ. ಅವ್ರು ಸರಿ ಅಂದವ್ರೆ. ಅವ್ರ ಮನೆ ದೊಡ್ಡೋರ್ನ ಯಾರೂ ಕೇಳಿಲ್ಲ. ನಿಶ್ಚಯದ ದಿನ ಎಲ್ಲರ ಮುಂದೇನೇ ನೀವು ಯೋಳ್ಬಿಡಿ."

ನಾನಿರುವಾಗ ನಿನಗೇಕೆ ಚಿಂತೆ ಎಂದು ಎದೆ ತಟ್ಟಿ ಹೇಳಿದ್ದೆ. ಆಗ ನನಗೆ ಎಲ್ಲ ಹಲ್ಲುಗಳೂ ಇದ್ದವು.

ಹಲ್ಲಿನ ಡಾಕ್ಟರಮ್ಮ ಚಿಕ್ಕ ವಯಸ್ಸಿನವರು. ತಮಿಳಿನಲ್ಲೇ ಮಾತು ಶುರುವಾಯಿತು. ನಾನೂ ಸರೋಜಾಳೂ ಕನ್ನಡದಲ್ಲಿ ಪಿಸುಗುಟ್ಟಿ, "ಈ ಉಡುಗಿಗೆ ಕೈ ಪಳಗೈತೋ ಇಲ್ವೋ" ಎಂದು ಚರ್ಚಿಸುತ್ತಿದ್ದಾಗ, ಅವರು ತಲೆಯೆತ್ತದೆ, "ಪಳಗೈತೆ ಅಂಕಲ್, ಬಾಯಿ ತೆಗೀರಿ" ಎಂದರು. ಕೊಳತ್ತೂರಿನವರಂತೆ. ಮನೆಯಲ್ಲಿ ಕನ್ನಡವಂತೆ. ಆಮೇಲೆ ನಾವು ಪಿಸುಗುಟ್ಟಲಿಲ್ಲ.

ಕೈ ನಿಜವಾಗಿಯೂ ಪಳಗಿತ್ತು. ಸೂಜಿ ಚುಚ್ಚಿದ್ದು ಗೊತ್ತಾಗಲಿಲ್ಲ. ಬೇರಿಗೆ ಚಿಕಿತ್ಸೆ ಮುಗಿಸಿ, ಉಳಿದ ಹಲ್ಲನ್ನು ಉಜ್ಜಿ ಸಣ್ಣ ಗೂಟದಂತೆ ಮಾಡಿ, ಅಚ್ಚು ತೆಗೆದುಕೊಂಡರು. ಬೇರಿನ ಚಿಕಿತ್ಸೆಯಾದ ಹಲ್ಲು ಸುಲಭವಾಗಿ ಸೀಳಿಕೊಳ್ಳುತ್ತದೆ, ಅದಕ್ಕೇ ಮೇಲೊಂದು ಕ್ಯಾಪು ಬೇಕು ಎಂದು ವಿವರಿಸಿದರು. ಲ್ಯಾಬಿನಿಂದ ನಿಜವಾದ ಕ್ಯಾಪು ಬರುವ ತನಕ ಒಂದು ಪ್ಲಾಸ್ಟಿಕ್ ಕ್ಯಾಪು ಕೂರಿಸಿದರು.

"ಇದು ಟೆಂಪರರಿ ಅಂಕಲ್. ಆಮೇಲೆ ತೆಗೀಬೇಕಲ್ಲ, ಅದಕ್ಕೇ ಲೈಟಾಗಿ ಅಂಟ್ಸಿವ್ನಿ. ಮುಂದಿನ ಹಲ್ಲಲ್ಲಿ ಏನೂ ಕಚ್ಬೇಡಿ. ಅಂಟೋದು, ಗಟ್ಟಿ ಇರೋದು ತಿನ್ಬೇಡಿ. ಬಿದ್ರೆ ಎತ್ತಿಟ್ಕಂಡು ನಂಗೆ ಫೋನ್ ಮಾಡಿ, ಸಾಕು."

ನಾನು ಆ ಹೊತ್ತಿಗೆ ಕೈಗನ್ನಡಿಯಲ್ಲಿ ನಗುವುದನ್ನು ಅಭ್ಯಾಸ ಮಾಡುತ್ತಿದ್ದೆ. ಕೇಳಿಸಿಕೊಂಡವಳು ಸರೋಜಾ.

ನಿಶ್ಚಯದ ದಿನ ಧರ್ಮಪುರಿ ಬಸ್ ಸ್ಟ್ಯಾಂಡಿನಲ್ಲಿ ಪೆನ್ನಾಗರಂ ಬಸ್ಸು ಹತ್ತುವ ಮುಂಚೆ ಕಡಲೆ ಮಿಠಾಯಿ ಕೊಂಡೆ. ಸರೋಜಾ ಮುಂದೆ ಹೆಂಗಸರ ಸೀಟಿನಲ್ಲಿದ್ದಳು. ಸ್ವಲ್ಪವೇ ಕಚ್ಚಿದರೆ ಅದು ಕಚ್ಚಿದ ಲೆಕ್ಕಕ್ಕೆ ಬರುವುದಿಲ್ಲ ಎಂದು ನಾನು ತೀರ್ಮಾನಿಸಿದೆ. ಡಾಕ್ಟರಮ್ಮ ಎದುರಿಗಿದ್ದಿದ್ದರೆ ಅವರಿಗೂ ಇದನ್ನು ಮನವರಿಕೆ ಮಾಡಿಕೊಡುತ್ತಿದ್ದೆ. ಕಚ್ಚಿ ಎಳೆದೆ. ಮಿಠಾಯಿ ಕೈಗೆ ಬಂತು. ಅದರ ಅಂಚಿನಲ್ಲಿ ಕಡಲೆಬೀಜಗಳ ಸಾಲಿನಲ್ಲಿ ನನ್ನ ಹಲ್ಲೂ ಕೂತಿತ್ತು.

ಆಗಲೇ ಫೋನ್ ಮಾಡಬಹುದಿತ್ತು. ಆದರೆ ಬಸ್ಸಿನ ತುಂಬ ನಮ್ಮ ಕಡೆಯವರೇ. ಕ್ಯಾಪನ್ನು ಬಿಡಿಸಿ, ಟಿಕೆಟ್ಟಿನಲ್ಲಿ ಸುತ್ತಿ ಜೇಬಿಗಿಟ್ಟೆ. ಬಾಯಿಗೆ ಕರ್ಚೀಫು ಅಡ್ಡ ಹಿಡಿದು, ಹುಡುಗನ ಹೆಸರನ್ನು ಮೆಲ್ಲಗೆ ಹೇಳಿ ನೋಡಿದೆ. ಎರಡು ಸಿಳ್ಳೆ ಬಂದು, ಹಿಂದೆ ಒಂದು ಕುಮಾರ್ ಬಂತು. ಕಂಡಕ್ಟರ್ ತಿರುಗಿ ನೋಡಿದ.

ಪೆನ್ನಾಗರಂನಲ್ಲಿ ಇಳಿದ ಕೂಡಲೇ, ವೀಳ್ಯದೆಲೆ ಸಾಲದು ಎಂದು ಸನ್ನೆಯಲ್ಲಿ ತಿಳಿಸಿ ಒಂದು ಅಂಗಡಿಗೆ ನುಗ್ಗಿದೆ. ಚಪ್ಪಲಿ ಅಂಟಿಸುವ ಗಮ್ಮಿನ ಸಣ್ಣ ಟ್ಯೂಬು ಸಿಕ್ಕಿತು. ಗಂಡಿನ ಮನೆಯವರು ಕಾಲಿಗೆ ನೀರು ಕೊಟ್ಟು ಬರಮಾಡಿಕೊಂಡರು. ನಾನು ಮುಖ ತೊಳೆಯುವ ನೆಪದಲ್ಲಿ ಹಿತ್ತಲ ಬಚ್ಚಲಮನೆ ಸೇರಿ ಚಿಲಕ ಹಾಕಿಕೊಂಡೆ.

ಶಸ್ತ್ರಚಿಕಿತ್ಸೆ ಮೊದಮೊದಲು ಚೆನ್ನಾಗಿಯೇ ನಡೆಯಿತು. ಕ್ಯಾಪಿನೊಳಗೆ ಗಮ್ ಬಿಟ್ಟು ಹಲ್ಲಿಗೆ ಒತ್ತಿದೆ. ಅದು ಸ್ವಲ್ಪ ಪಕ್ಕಕ್ಕೆ ತಿರುಗಿತು. ಸರಿಪಡಿಸಲು ಹೋದಾಗ ಗಮ್ ಹೊರಗೆ ಉಕ್ಕಿತು. ಯಾರೋ ಬಾಗಿಲು ತಟ್ಟಿದರು. ಗಾಬರಿಯಲ್ಲಿ ಬೆರಳು ತೆಗೆದು, ಕ್ಯಾಪು ಅಲುಗದಿರಲಿ ಎಂದು ಮೇಲ್ದುಟಿಯಿಂದ ಒತ್ತಿ ಹಿಡಿದೆ. ಇಷ್ಟು ಸಾಕು ಎನ್ನಿಸಿ ತುಟಿ ಬಿಡಲು ನೋಡಿದೆ.

ತುಟಿ ಬಿಡಲಿಲ್ಲ.

ಹೀಗೆ ಹಲ್ಲಿಗೆ ತುಟಿಯನ್ನು ಶಾಶ್ವತವಾಗಿ ಜೋಡಿಸಿಕೊಂಡು, ಒಂದು ಕಡೆ ಮಾತ್ರ ತಿರಸ್ಕಾರದಿಂದ ನಗುವವನಂತೆ, ನಾನು ಸಭೆಗೆ ಬಂದು ಕೂತೆ. ಬೀಗರು, ಅಂದರೆ ಹುಡುಗನ ತಂದೆ, ಕೈ ಮುಗಿದರು, ನಾನೂ ಮುಗಿದೆ. ಕಾಫಿ ಬಂತು, ಕೈ ಅಡ್ಡ ಹಿಡಿದೆ. ನನ್ನ ಗಾಂಭೀರ್ಯ ನೋಡಿ ಗಂಡಿನ ಕಡೆಯವರು ಮಾತು ಕಡಿಮೆ ಮಾಡಿದರು. ಮುಹೂರ್ತ, ಛತ್ರ, ಸೀರೆ ಎಲ್ಲ ತೀರ್ಮಾನವಾದ ಮೇಲೆ ಬೀಗರು ನನ್ನ ಕಡೆ ತಿರುಗಿ ಕೇಳಿದರು, "ನಿಮ್ ಕಡಿಂದ ಇನ್ನೇನಾದ್ರೂ ಯೋಳೋದೈತಾ?"

ಆ ಮಾತಿಗಾಗಿಯೇ ನಾನು ಭಾಷಣ ಬಾಯಿಪಾಠ ಮಾಡಿದ್ದೆ. ಬಾಯಿ ತೆರೆಯಲು ಹೋದೆ. ತುಟಿ ಚುರುಕ್ ಎಂದಿತು. ಮೂಗಿನಿಂದ ಒಂದು ಊಂ ಬಂತು, ಅಷ್ಟೇ. ಏನೂ ಇಲ್ಲವೆಂದು ತಿಳಿದು ಬೀಗರು, ಎರಡೂ ಕಡೆಯವರು ಬದಲಾಯಿಸಿಕೊಳ್ಳುವ ತಾಂಬೂಲದ ತಟ್ಟೆ ತರಲು ಹೇಳಿದರು. ಬಾಗಿಲ ಬಳಿ ಕೂತಿದ್ದ ದಿವ್ಯಾ ನನ್ನನ್ನೇ ನೋಡುತ್ತಿದ್ದಳು. ಅವಳ ಮುಖ ಸಣ್ಣಗಾಯಿತು. ಈಗಲೂ ಅದೊಂದನ್ನು ನೆನೆದರೆ ನನಗೆ ನಗು ಬರುವುದಿಲ್ಲ.

ಸರೋಜಾ ನನ್ನ ತುಟಿ ನೋಡಿದಳು. ಆಮೇಲೆ ನನ್ನ ಅಂಗಿಯ ಜೇಬಿನಿಂದ ಇಣುಕುತ್ತಿದ್ದ ಟ್ಯೂಬನ್ನು ನೋಡಿದಳು. ಅವಳಿಗೆ ಇನ್ನೇನೂ ಹೇಳಬೇಕಾಗಿರಲಿಲ್ಲ. ಎದ್ದು ನಿಂತಳು.

"ಇವ್ರಿಗೆ ಹಲ್ಲು ಸರಿ ಇಲ್ಲ, ಇವ್ರು ಯೋಳ್ಬೇಕಾಗಿದ್ದುನ್ನ ನಾನ್ ಯೋಳ್ತೀನಿ. ನಮ್ ಉಡುಗಿ ಮದ್ವೆ ಆದ್ಮೇಲೂ ಸ್ಕೂಲಿಗೆ ಓಗ್ತಾಳೆ. ಕಷ್ಟಪಟ್ಟು ಓದವ್ಳೆ. ನಿಮ್ಗೆ ಒಪ್ಗೆ ಇದ್ರೆ ಈಗ್ಲೇ ಯೋಳಿ, ತಟ್ಟೆ ಬದಲಾಯ್ಸಾಣ. ಇಲ್ದಿದ್ರೆ ಊಟ ಮಾಡ್ಕಂಡು ನಗನಗ್ತಾ ಓಗ್ತೀವಿ."

ಬೀಗರು ತಮ್ಮ ಹೆಂಡತಿಯ ಮುಖ ನೋಡಿದರು. ಆಕೆ ಸೆರಗು ಸರಿಮಾಡಿಕೊಂಡು, "ನಮ್ ಸೊಸೆ ಟೀಚರ್ ಅಂತ ನಾನು ಬೀದಿಗೆಲ್ಲ ಯೋಳಿವ್ನಿ. ಈಗ ಬಿಡ್ಸಿದ್ರೆ ನನ್ ಮರ್ಯಾದೆ ಏನಾಗ್ಬೇಕು?" ಎಂದರು. ಸಭೆ ನಕ್ಕಿತು. ನಾನೂ ಅರ್ಧ ನಕ್ಕೆ. ತಟ್ಟೆ ಬದಲಾಯಿತು.

ನನ್ನ ಭಾಷಣ ನಮ್ಮ ಹಿರಿಯರು ಸೇಲಂಗೆ ಬಂದ ಕಥೆಯಿಂದ ಶುರುವಾಗುವುದಿತ್ತು. ಶಾಲೆಯ ವಿಷಯಕ್ಕೆ ಬರುವಷ್ಟರಲ್ಲಿ ಬೀಗರು ಎದ್ದು ಊಟಕ್ಕೆ ಹೋಗಿರುತ್ತಿದ್ದರು. ಮದುವೆಯಾದಾಗಿನಿಂದ ಜೊತೆಯಲ್ಲಿರುವ ಹೆಂಡತಿಗೆ ಇಂಥ ಮಾತು ಬರುತ್ತದೆ ಎಂದು ತಿಳಿಯಲು ನನ್ನ ಬಾಯಿ ಮುಚ್ಚಬೇಕಾಯಿತು.

ಅವಳೇ ಡಾಕ್ಟರಮ್ಮನಿಗೆ ಫೋನ್ ಮಾಡಿದಳು. ಎಳೆಯಬೇಡಿ, ಬೆಚ್ಚಗಿನ ನೀರಿನಲ್ಲಿ ನೆನೆಸಿ ನಿಧಾನವಾಗಿ ಬಿಡಿಸಿ ಎಂದು ಅವರು ಹೇಳಿದರಂತೆ. ಬಚ್ಚಲಮನೆಯಲ್ಲಿ ಚೊಂಬಿನೊಳಗೆ ಮುಖವಿಟ್ಟು ಕೂತೆ. ತುಟಿ ಬಿಡುಗಡೆಯಾದಾಗ ಹೊರಗೆ ಎಂಜಲೆಲೆ ಎತ್ತುತ್ತಿದ್ದರು.

ಮರುದಿನ ಬೈಗುಳಕ್ಕೆ ಸಿದ್ಧನಾಗಿ ಆಸ್ಪತ್ರೆಗೆ ಹೋದೆ. ಡಾಕ್ಟರಮ್ಮ ಬಾಯಿಯೊಳಗೆ ನೋಡಿ, ಯಾವ ಗಮ್ ಎಂದು ಕೇಳಿದರು. ಚಪ್ಪಲಿಯದು ಎಂದೆ. ಅವರು ಮಾಸ್ಕ್ ಸರಿಮಾಡಿಕೊಳ್ಳುವವರಂತೆ ಗೋಡೆಯ ಕಡೆ ತಿರುಗಿದರು. ಭುಜ ಮಾತ್ರ ಅಲುಗುತ್ತಿತ್ತು. ಆಮೇಲೆ ತಿರುಗಿ ಕೂತು, ನಾವು ಸಿಕ್ಕುಬಿದ್ದ ರೇಷ್ಮೆ ಬಿಡಿಸುವಂಥ ತಾಳ್ಮೆಯಲ್ಲಿ, ಒಳಗಿನ ಗೂಟಕ್ಕೆ ಏಟಾಗದಂತೆ ಗಮ್ಮನ್ನು ಚೂರುಚೂರಾಗಿ ತೆಗೆದರು. ಒಸಡು ಊದಿತ್ತು. ಹಳೆಯ ಅಚ್ಚು ಕೆಲಸಕ್ಕೆ ಬರುವುದಿಲ್ಲವೆಂದು, ಊತ ಇಳಿದ ಮೇಲೆ ಮತ್ತೆ ಅಚ್ಚು ತೆಗೆದರು. ಒಂದು ಗಡುಸು ಮಾತೂ ಆಡಲಿಲ್ಲ.

"ಕ್ಯಾಪು ಹುಳುಕಾಗಲ್ಲ ಅಂಕಲ್. ಆದ್ರೆ ಒಳಗಿರೋದು ನಿಮ್ ಹಲ್ಲೇ. ಒಸಡಿನ ಅಂಚಲ್ಲಿ ಚೆನ್ನಾಗಿ ಉಜ್ಜದಿದ್ರೆ ಅದು ಹುಳುಕಾಗ್ತದೆ," ಎಂದರು. ಈ ಸಲ ನಾನೂ ಕೇಳಿಸಿಕೊಂಡೆ.

ಬಣ್ಣ ಆರಿಸುವಾಗ ಮಾತ್ರ ಸುಮ್ಮನಿರಲಿಲ್ಲ. ಬಣ್ಣ ನೋಡುವುದೇ ನನ್ನ ಕಸುಬಲ್ಲವೆ. ಸಾಲಾಗಿ ಜೋಡಿಸಿದ ಮಾದರಿ ಹಲ್ಲುಗಳಲ್ಲಿ ಅತಿ ಬಿಳಿಯದನ್ನು ತೋರಿಸಿದೆ. ಡಾಕ್ಟರಮ್ಮ ನನ್ನನ್ನು ಕಿಟಕಿಯ ಬೆಳಕಿಗೆ ಕರೆದುಕೊಂಡು ಹೋಗಿ, ಒಂದೊಂದನ್ನೇ ಪಕ್ಕದ ಹಲ್ಲಿಗೆ ಹಿಡಿದು ನೋಡಿ, ಮಾಸಿದ ಹಳೇ ಬಿಳಿ ರವಿಕೆಯಂಥ ಒಂದು ಬಣ್ಣ ಆರಿಸಿದರು. ಈ ಬಣ್ಣದ ಸೀರೆ ನೇಯ್ದರೆ ಯಾರೂ ಕೊಳ್ಳುವುದಿಲ್ಲ ಎಂದೆ. ಸರೋಜಾ ಡಾಕ್ಟರಮ್ಮನ ಪಕ್ಷ ಸೇರಿದಳು. ನಾನು ಸೋತೆ.

ಆ ಕ್ಯಾಪು ಬಂತು. ತಾಗಿದಲ್ಲಿ ಗುರುತು ಬೀಳುವ ನೀಲಿ ಕಾಗದ ಕಚ್ಚಿಸಿ, ಎತ್ತರವಾದ ಕಡೆ ಉಜ್ಜಿ, ಗಟ್ಟಿಯಾಗಿ ಕೂರಿಸಿದರು. ನಾಲಿಗೆಗೇ ವ್ಯತ್ಯಾಸ ತಿಳಿಯಲಿಲ್ಲ. ಮದುವೆಯಲ್ಲಿ ನಾನು ಕಂಡವರಿಗೆಲ್ಲ ನಕ್ಕೆ. ಕೊನೆಗೆ ಬೀಗರನ್ನು ಹಿಡಿದು ನಿಲ್ಲಿಸಿ, ಡಾಕ್ಟರಮ್ಮನ ಕೈಚಳಕವನ್ನು ಹೊಗಳಿ, ಹೊಸ ಹಲ್ಲು ಯಾವುದು ಹೇಳಿ ನೋಡೋಣ ಎಂದು ಸವಾಲು ಹಾಕಿದೆ.

ಅವರು ಕನ್ನಡಕ ಹಾಕಿಕೊಂಡು ಬಗ್ಗಿ ನೋಡಿದರು. ತಡಮಾಡದೆ ಒಂದು ಹಲ್ಲಿಗೆ ಬೆರಳು ತೋರಿಸಿದರು.

"ಇದೇ ಅಲ್ವಾ. ನೋಡಿದ್ರೇ ಗೊತ್ತಾಯ್ತದೆ, ಒರಿಜಿನಲ್ ತರ ಇಲ್ಲ. ಡಾಕ್ಟ್ರು ಇನ್ನೊಸಿ ಗಮನ ಕೊಟ್ಟಿದ್ರೆ ಚೆನ್ನಾಗಿರೋದು."

ಅದು ನಾನು ಏಳನೇ ವಯಸ್ಸಿನಿಂದ ಇಟ್ಟುಕೊಂಡಿರುವ ನನ್ನ ಸ್ವಂತ ಹಲ್ಲು.